ಶ್ರಾವ್ಯಕ್ಕನ ತಟ್ಟೆ

ಜನವರಿ ೧೮, ಭಾನುವಾರ

ಇವತ್ತು ಶ್ರಾವ್ಯಕ್ಕನ ಹೊಟ್ಟೆಗೆ ಸೂಜಿ ಚುಚ್ಚಿದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಇಲ್ಲಿ ಬರೆದರೆ ಹೇಳಿದಂತೆ ಆಗುವುದಿಲ್ಲ. ಈ ಪುಸ್ತಕ ನನ್ನ ಟ್ರಂಕಿನಲ್ಲಿ ಸೀರೆಯ ಕೆಳಗೆ ಇರುತ್ತದೆ. ಜನರೆದುರು ನನಗೆ ಮಾತು ಹೊರಡುವುದಿಲ್ಲ. ಏಳನೆಯ ಕ್ಲಾಸಿನವರೆಗೆ ಕಲಿತದ್ದು ಹೀಗಾದರೂ ಉಪಯೋಗಕ್ಕೆ ಬರಲಿ.

ಹೆಮ್ಮಾಡಿಯ ಈ ಮನೆಗೆ ಅಡುಗೆ ಕೆಲಸಕ್ಕೆ ಬಂದು ನಾಲ್ಕು ವರ್ಷವಾಯಿತು. ಯಜಮಾನರಾದ ಚಂದಯ್ಯ ಶೆಟ್ರು ಮುಂಬೈಯಲ್ಲಿ ಹೋಟೆಲ್ ನೋಡಿಕೊಳ್ಳುತ್ತಾರೆ. ಇಲ್ಲಿರುವವರು ಅವರ ಹೆಂಡತಿ ಗಿರಿಜಮ್ಮ, ತಾಯಿ ಅಕ್ಕು ಅಜ್ಜಿ, ಮಗಳು ಶ್ರಾವ್ಯಕ್ಕ. ಶ್ರಾವ್ಯಕ್ಕನಿಗೆ ಮೇ ಹತ್ತಕ್ಕೆ ಮದುವೆ. ಹುಡುಗ ಬ್ರಹ್ಮಾವರದ ರೋಹನ್. ನಿಶ್ಚಯದ ದಿನದ ಫೋಟೋ ನೋಡಿ ಹುಡುಗನ ಕಡೆಯವರು ಯಾರೋ, ಹುಡುಗಿಯ ಪಕ್ಕದಲ್ಲಿ ರೋಹನ್ ತಮ್ಮನ ಹಾಗೆ ಕಾಣುತ್ತಾನೆ ಎಂದು ನಗೆಯಾಡಿದರಂತೆ. ಅದು ಹೇಗೋ ಶ್ರಾವ್ಯಕ್ಕನ ಕಿವಿಗೆ ಬಿತ್ತು. ಎರಡು ದಿನ ಮಾಳಿಗೆ ಇಳಿಯಲಿಲ್ಲ.

ಕುಂದಾಪುರದ ಜಿಮ್ಮಿನಲ್ಲಿ ಚಂದನಾ ಎಂಬ ಗೆಳತಿ ಇದ್ದಾಳೆ. ಮೈ ಇಳಿಸುವುದಕ್ಕೆಂದು ಈ ಪುಟ್ಟ ಬಾಟಲಿ, ಸಪೂರ ಸಿರಿಂಜಿಗಳು ಅವಳು ಕೊಟ್ಟದ್ದು. ಡಾಕ್ಟರ ಚೀಟಿ ಇಲ್ಲ. ಶ್ರಾವ್ಯಕ್ಕನಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ ನನ್ನನ್ನು ಮೇಲೆ ಕರೆದಳು.

“ಮೀನ್ ಕೊಯ್ವ ಕೈ ನಿಂದ್, ಹೆದ್ರುದಿಲ್ಲೆ ಅಲ್ದಾ?” ಎಂದಳು.

“ಎಂತ ಮದ್ದ್ ಅಕ್ಕ ಇದ್?” ಎಂದೆ.

“ಮದ್ದಲ್ಲ ಮಾರಾಯ್ತಿ. ನಮ್ಮ ಮೈಯೇ ಮಾಡ್ವ ವಸ್ತು. ನಾವ್ ಉಂಡ್ ಕೂಡ್ಲೆ ಕರುಳ್ ಇದನ್ನ ಮಾಡ್ತ್. ಅದ್ ರಕ್ತದಗೆ ಹೋಯಿ ತಲೆಗೆ ‘ಸಾಕ್’ ಅಂದ್ ಹೇಳ್ತ್. ಹೊಟ್ಟೆಗೆ ‘ನಿಧಾನ’ ಅಂದ್ ಹೇಳ್ತ್. ಮೈಯಗೆ ಹುಟ್ಟಿದ್ದ್ ಎರಡ್ ನಿಮಿಷದಗೆ ಕರ್ಗಿ ಹೋತ್. ಈ ಬಾಟ್ಲಿದ್ದ್ ಒಂದ್ ವಾರ ಇರ್ತ್. ಅಷ್ಟೇ ವ್ಯತ್ಯಾಸ.”

ಸಿರಿಂಜಿಯ ಐದು ಗೆರೆಯವರೆಗೆ ಮದ್ದು ಎಳೆದು, ಹೊಕ್ಕುಳಿನ ಪಕ್ಕ ಚರ್ಮ ಹಿಡಿದು ಚುಚ್ಚಿದೆ. ಅವಳಿಗೆ ಗೊತ್ತೇ ಆಗಲಿಲ್ಲವಂತೆ.

ಎರಡು ನಿಮಿಷಕ್ಕೂ ಒಂದು ವಾರಕ್ಕೂ ಇರುವ ವ್ಯತ್ಯಾಸ ‘ಅಷ್ಟೇ’ ಹೇಗಾಗುತ್ತದೆ ಎಂದು ಪಾತ್ರೆ ತೊಳೆಯುವಾಗ ಅನ್ನಿಸಿತು. ನನಗೆ ತಿಳಿಯದ ವಿಷಯ.

ಜನವರಿ ೨೧

ಶ್ರಾವ್ಯಕ್ಕ ಮಧ್ಯಾಹ್ನ ಎರಡು ತುತ್ತು ತಿಂದು ತಟ್ಟೆ ದೂಡಿದಳು. “ಕಂಡ್ರೇ ಹೊಟ್ಟೆ ತುಂಬ್ತ್ ಜಲಜಾ,” ಎಂದು ನಕ್ಕಳು. ನಗುವಿನಲ್ಲಿ ಖುಷಿ ಇತ್ತು.

ತೊಂದರೆ ಅಕ್ಕು ಅಜ್ಜಿಯದು. ಅಡುಗೆ ಮನೆಯ ಬಾಗಿಲಲ್ಲಿ ಮಣೆ ಹಾಕಿ ಕುಳಿತು, ವಾಪಸು ಬರುವ ತಟ್ಟೆಗಳನ್ನೆಲ್ಲ ನೋಡುವುದು ಅವರ ರೂಢಿ. ಗಂಡ ಮುಂಬೈಯಲ್ಲಿ ಹೋಟೆಲ್ ಶುರು ಮಾಡಿದಾಗ ಅಲ್ಲೂ ಹಾಗೆಯೇ ಕೂರುತ್ತಿದ್ದರಂತೆ. ಯಾವ ಮೇಜಿನಿಂದ ಏನು ಉಳಿದು ಬಂತು ಎಂದು ನೋಡಿಯೇ ಅಡುಗೆಯವನನ್ನು ಬೈಯುತ್ತಿದ್ದರಂತೆ. ಮನೆಯಲ್ಲಿ ಯಾರಿಗೆ ಜ್ವರ ಬರುತ್ತದೆ, ಯಾರಿಗೆ ಬೇಸರವಾಗಿದೆ ಎಂಬುದೂ ಅವರಿಗೆ ತಟ್ಟೆಯಲ್ಲೇ ಗೊತ್ತಾಗುತ್ತದೆ.

“ಎಂತ ಹೆಣೆ, ಶ್ರಾವ್ಯನ ಬಟ್ಲಗೆ ಅನ್ನ ಹಾಂಗೇ ಇತ್ತಲೆ?” ಎಂದು ಕೇಳಿಯೇ ಬಿಟ್ಟರು. ನಾನು ಫೋನ್ ಬಂದಿತ್ತು ಎಂದೇನೋ ತೊದಲಿದೆ.

ಜನವರಿ ೨೨

ಶ್ರಾವ್ಯಕ್ಕ ದಾರಿ ಕಂಡುಹಿಡಿದಳು. ಇನ್ನು ಮೇಲೆ ಊಟ ಮಾಳಿಗೆಯಲ್ಲಿ. ರೋಹನ್ ಜೊತೆ ಫೋನಿನಲ್ಲಿ ಮಾತಾಡುತ್ತ ಉಣ್ಣುತ್ತೇನೆ ಎಂದು ಕೆಳಗೆ ಹೇಳಿದ್ದಾಳೆ. ಮದುವೆಯಾಗುವ ಹುಡುಗಿ ಎಂದು ಯಾರೂ ಬೇಡ ಅನ್ನಲಿಲ್ಲ. ತಟ್ಟೆ ನಾನೇ ಒಯ್ಯಬೇಕು, ಅಲ್ಲೇ ಕೂತು ನಾನೇ ಖಾಲಿ ಮಾಡಬೇಕು, ಕೆಳಗೆ ತರಬೇಕು.

“ಚೆಲ್ಲುಕಾಗದಾ ಅಕ್ಕ?” ಎಂದೆ.

“ಎಲ್ಲಿ ಚೆಲ್ಲುದ್? ನಾಯಿ ಗೂಡ್ ಅಜ್ಜಿ ಕಣ್ಣೆದ್ರೇ ಇತ್ತ್. ನೀನೇ ಉಣ್ಣ್. ಪಾಪ, ನಿಂಗೂ ಒಂಚೂರ್ ಮೈ ಬರ್ಲಿ.”

ಮೊದಲು ತಟ್ಟೆಗೆ ಕೈ ಹಾಕಲಿಲ್ಲ. ಯಜಮಾನರ ಮಗಳ ಎದುರು ಕೂತು ಅವಳ ತಟ್ಟೆಯಲ್ಲಿ ಉಣ್ಣುವುದು ಎಂದರೇನು! ಅವಳು ಕಿಟಕಿ ಕಡೆ ತಿರುಗಿ ಕೂತಳು. ಆಮೇಲೆ ಉಂಡೆ. ಬಂಗುಡೆ ಸಾರು, ಒಂದು ಹುರಿದ ತುಂಡು. ನಾವು ಕೆಲಸದವರು ಕೊನೆಗೆ ಉಣ್ಣುವಾಗ ಸಾರಿನಲ್ಲಿ ಮೀನು ಇರುವುದಿಲ್ಲ, ಸಾರು ಇರುತ್ತದೆ.

ಫೆಬ್ರವರಿ ೧, ಭಾನುವಾರ

ಮೂರನೆಯ ಸೂಜಿ. ಚಂದನಾ ನಾಲ್ಕು ವಾರ ಐದೇ ಗೆರೆ ಎಂದಿದ್ದಳು. ಶ್ರಾವ್ಯಕ್ಕ ಇವತ್ತು ಹತ್ತು ಎಳೆಯಲು ಹೇಳಿದಳು. ಎಳೆದೆ.

ಹೊರಗೆ ಗದ್ದೆಗಳಲ್ಲಿ ಸೇವಂತಿಗೆ ಕೊಯ್ಲು ಮುಗಿಯುತ್ತ ಬಂದಿದೆ. ಗಿರಿಜಮ್ಮ ಮಗಳ ಮುಡಿಗೆ ಒಂದು ಮೊಳ ಇಟ್ಟು, “ಮೋರೆ ಸಪೂರ ಆಯಿ ಲಾಯ್ಕ್ ಕಾಂತ್ ಮಗಾ,” ಎಂದರು. ಶ್ರಾವ್ಯಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಹೂವಿನ ವಾಸನೆಗೇ ಅವಳಿಗೆ ವಾಕರಿಕೆ ಬಂತು. ಮಾಳಿಗೆಗೆ ಹೋಗಿ ತೆಗೆದಿಟ್ಟಳು. ಮಧ್ಯಾಹ್ನ ಅವಳ ಊಟ ಎಳನೀರು, ಅದೂ ಅರ್ಧ. ನನಗೆ ಭಯವಾಯಿತು. ಆದರೂ ತಟ್ಟೆ ಖಾಲಿ ಮಾಡಿದೆ. ಕೋಳಿ ಸುಕ್ಕ, ನೀರ್ ದೋಸೆ ಐದು.

ಫೆಬ್ರವರಿ ೧೧

ನನ್ನ ಊರು ಕೋಡಿಗೆ ಹೋಗಿ ಬಂದೆ. ಅಮ್ಮ ಅಳಿವೆಯ ಹತ್ತಿರ ಒಣಮೀನು ಹರಡುತ್ತಿದ್ದಳು. ನನ್ನನ್ನು ಕಂಡವಳೇ, “ಹ್ವಾಯ್, ಇದ್ಯಾರ್ ದೊಡ್ಡ ಮನಿ ಅಮ್ಮ ಬಂದದ್ದ್?” ಎಂದು ಪಕ್ಕದವಳಿಗೆ ಕೇಳುವಂತೆ ಕೂಗಿದಳು. “ಕೆನ್ನಿ ಕಾಣ್, ಇಡ್ಲಿ ಕಂಡಾಂಗ್ ಉಬ್ಬಿತ್!”

ಅಮ್ಮನಿಗೆ ತಮಾಷೆ ಜಾಸ್ತಿ. ರವಕೆ ಬಿಗಿಯಾದದ್ದು ನಿಜ. ಈ ಮನೆಯ ಹೊಸ ಸೋಪಿನಲ್ಲಿ ಬಟ್ಟೆ ಸಣ್ಣಗಾಗುತ್ತದೆ.

ಅಮ್ಮನ ಗಂಜಿ, ಚಟ್ನಿ ರುಚಿಸಲಿಲ್ಲ. ಬೇಗ ಹೊರಟು ಬಂದೆ. ಮಧ್ಯಾಹ್ನದ ತಟ್ಟೆಯ ಹೊತ್ತಿಗೆ ಮುಟ್ಟಬೇಕಿತ್ತು. ಇಲ್ಲದಿದ್ದರೆ ಶ್ರಾವ್ಯಕ್ಕನಿಗೆ ತೊಂದರೆ.

ಫೆಬ್ರವರಿ ೧೭

ಸಿಗಡಿ ಸುಕ್ಕ. ಕಾಯಿ ಸ್ವಲ್ಪ ಹೆಚ್ಚು ಹುರಿದಿದ್ದೆ. ಕೆಳಗೆ ಹೋಗಿ ಅನ್ನ ಎರಡು ಸಲ ಹಾಕಿಕೊಂಡು ಬಂದೆ. ಶ್ರಾವ್ಯಕ್ಕನಿಗೆ ಎಂದು ಹೇಳಿ.

ಫೆಬ್ರವರಿ ೨೨, ಭಾನುವಾರ

ಇವತ್ತು ಶ್ರಾವ್ಯಕ್ಕನಿಗೆ ಸೂಜಿ ಮರೆತುಹೋಗಿತ್ತು. ಸಂಜೆ ನಾನೇ ಹೋಗಿ ನೆನಪಿಸಿದೆ. ಬಾಟಲಿ ತೆಗೆದುಕೊಟ್ಟಳು. ಹದಿನೈದು ಗೆರೆ.

ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಅದನ್ನು ಕಾಗದದಲ್ಲಿ ಸುತ್ತಿ ನಾನು ಒಲೆಗೆ ಹಾಕುತ್ತೇನೆ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾಳೆ. ದರ್ಜಿ ರವಕೆಯ ಅಳತೆಯನ್ನು ಮೂರನೆಯ ಸಲ ತೆಗೆದನಂತೆ. ಅದನ್ನು ಹೇಳುವಾಗ ಎಷ್ಟು ಸಂತೋಷ!

ನಾನು ಕೇಳಿದೆ: “ಹಸಿವೇ ಆತಿಲ್ಲ್ಯಾ ಅಕ್ಕ? ಒಂಚೂರೂ?”

“ಹಸಿವು ಹ್ಯಾಂಗಿರ್ತ್ ಅಂದೇ ಮರ್ತ್ ಹೋಯ್ತ್. ಅಷ್ಟೇ ಅಲ್ಲ ಜಲಜಾ. ಯಾವ್ದೂ ಬೇಕ್ ಅಂದ್ ಕಾಂತಿಲ್ಲೆ. ನಿನ್ನೆ ರೋಹನ್ ಫೋನ್ ಮಾಡಿರ್. ಮಾತಾಡುಕೆ ಎಂತದೂ ಇರ್ಲಿಲ್ಲೆ. ಮೊದ್ಲ್ ಅವ್ರ್ ಫೋನ್ ಬಂದ್ರೆ ಹೊಟ್ಟೆಯಗೆ ಚಿಟ್ಟಿ ಹಾರ್ತಿದ್ವ್.”

ನನಗಾದರೆ ದಿನವಿಡೀ ಹಸಿವು. ಉಂಡು ಒಂದು ಗಂಟೆಯಲ್ಲಿ ಮತ್ತೆ. ಆ ‘ಸಾಕು’ ಅನ್ನುವ ವಸ್ತು ನನ್ನ ಕರುಳಿನಲ್ಲೂ ಹುಟ್ಟುತ್ತದೆ ಎಂದು ಶ್ರಾವ್ಯಕ್ಕ ಹೇಳುತ್ತಾಳೆ. ಇರಬಹುದು. ನಾನಂತೂ ಕೇಳಿಸಿಕೊಂಡಿಲ್ಲ.

ಮಾರ್ಚ್ ೩

ಇವತ್ತು ಬೇಸರ. ಬೆಳಿಗ್ಗೆ ಕೊಟ್ಟೆ ಕಡುಬು ಮಾಡಿದ್ದೆ, ಹಲಸಿನ ಎಲೆಯದು, ಕೋಳಿ ಸಾರಿನ ಜೊತೆ. ಮಾಳಿಗೆಗೆ ಒಯ್ದರೆ ಶ್ರಾವ್ಯಕ್ಕ, “ಇವತ್ತ್ ಒಂಚೂರ್ ತಿಂಬ ಅಂದ್ ಕಾಂತ್,” ಎಂದು ಒಂದು ಕಡುಬು ಪೂರ್ತಿ ತಿಂದಳು. ಇನ್ನೊಂದಕ್ಕೆ ಕೈ ಹಾಕಿದಳು.

“ವಾಂತಿ ಆತ್ ಅಕ್ಕ, ಸಾಕ್,” ಎಂದೆ. ಅವಳು ಕೈ ತೆಗೆದಳು. ನಾನು ಹೇಳಿದ್ದು ಅವಳ ಒಳ್ಳೆಯದಕ್ಕೇ. ಸುಮ್ಮನೆ ತಿಂದು ಕಕ್ಕುವುದು ಯಾಕೆ?

ಉಳಿದ ಮೂರು ನಾನು ತಿಂದೆ.

ಮಾರ್ಚ್ ೧೪

ಒಂದು ತಪ್ಪಾಯಿತು.

ಮಧ್ಯಾಹ್ನ ಅಂಜಲ್ ಮೀನಿನ ಸಾರು. ತಲೆಯ ತುಂಡನ್ನು ಶ್ರಾವ್ಯಕ್ಕನ ತಟ್ಟೆಗೆ ನಾನೇ ಬಡಿಸಿದ್ದೆ. ಕೋಡಿಯಲ್ಲಿ ನಾವು ಮೀನಿನ ತಲೆ ಬಿಡುವವರಲ್ಲ. ಕಣ್ಣು, ಕೆನ್ನೆ, ಎಲುಬಿನ ಸಂದು ಎಲ್ಲ ಚೀಪಿ ಬಿಟ್ಟಿದ್ದೆ. ತಟ್ಟೆ ಕೆಳಗೆ ತಂದಾಗ ಅಕ್ಕು ಅಜ್ಜಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಎಲುಬೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಶ್ರಾವ್ಯ ಮೀನಿನ ತಲೆ ತಿಂತಾ?”

“ಹೂಂ ಅಜ್ಜಿ.”

“ಹುಟ್ಟಿದಾರಭ್ಯ ತಲೆ ಮುಟ್ಟದ ಹೆಣ್ಣ್. ಕಣ್ಣ್ ಕಂಡ್ರೆ ಹೆದ್ರಿ ಓಡ್ತಿತ್ತ್.”

ಸಿಕ್ಕಿಬಿದ್ದೆ ಎಂದುಕೊಂಡೆ. ಅಜ್ಜಿ ಅನುಮಾನಿಸಿದ್ದು ಮಾತ್ರ ಬೇರೆಯದನ್ನು. ಗಿರಿಜಮ್ಮನನ್ನು ಕರೆದು ಎಲುಬು ತೋರಿಸಿದರು.

“ಗಿರಿಜಾ, ಕಾಣ್ ಇಲ್ಲಿ. ಎಲುಬ್ ಸಮೇತ ಚೀಪಿತ್. ದಿನಾ ಬಟ್ಲ್ ತೊಳ್ದಾಂಗ್ ಬತ್ತ್. ಮೈ ಕಂಡ್ರೆ ದಿನಾ ಇಳಿತ್. ಉಂಡದ್ದ್ ಎಲ್ಲಿಗ್ ಹೋತ್? ಅದ್ ಉಂಬುದಲ್ಲ. ಹೊಟ್ಟೆಯಗೆ ಹುಳ ಆಯಿತ್. ಹುಳ ಉಂಬುದ್!”

ಗಿರಿಜಮ್ಮ, “ಅತ್ತೆ, ಈಗಿನ ಕಾಲದಗೆ ಎಂತ ಹುಳ? ಮಾತ್ರಿ ತಂದ್ರೆ ಸಾಕ್,” ಎಂದರು. ಅಜ್ಜಿ ಕೇಳಲಿಲ್ಲ. ಮಾತ್ರೆ ಮಕ್ಕಳಿಗಂತೆ. ಮದುವೆ ಹುಡುಗಿಯ ಹೊಟ್ಟೆಯನ್ನು ಹರಳೆಣ್ಣೆ ಕೊಟ್ಟು ತೊಳೆದರೇ ಸರಿಯಂತೆ.

ಅಡುಗೆ ಮನೆಗೆ ಬಂದ ಮೇಲೆ ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಮಾರ್ಚ್ ೧೬

ನಿನ್ನೆ ಹರಳೆಣ್ಣೆ ಕೊಟ್ಟರು. ಶುಂಠಿ ಕಷಾಯದಲ್ಲಿ ಬೆರೆಸಿ, ಮೂಗು ಹಿಡಿದು, ಅಜ್ಜಿಯೇ ಕುಡಿಸಿದರು. ಬೇಡ ಎಂದರೆ ಏಕೆ ಎಂದು ಹೇಳಬೇಕಾಗುತ್ತಿತ್ತು. ಶ್ರಾವ್ಯಕ್ಕ ಕಣ್ಣು ಮುಚ್ಚಿ ನುಂಗಿದಳು. ದಿನವಿಡೀ ಬಚ್ಚಲು ಮನೆಯಲ್ಲೇ ಇದ್ದಳು. ತುಟಿ ಬಿರಿದು ಬೆಳ್ಳಗಾಯಿತು. ಕೈಯ ಮೇಲಿನ ಚರ್ಮ ಎಳೆದು ಬಿಟ್ಟರೆ ಎಳೆದಲ್ಲೇ ನಿಲ್ಲುತ್ತಿತ್ತು.

ಸಂಜೆ ಸೂಜಿ ಬೇಡ ಎಂದು ನಾನು ಹೇಳಬಹುದಿತ್ತು. ಅವಳೇ ಕೈ ಚಾಚಿ ಬಾಟಲಿ ಕೊಟ್ಟಳು. “ಮುಂದಿನ ವಾರ ಬ್ರಹ್ಮಾವರಕ್ಕೆ ಉಂಬುಕೆ ಕರ್ದಿರ್. ಅಷ್ಟ್ ಜನ ಕಾಂತ್ರ್. ಈ ವಾರ ಒಂದ್ ಗಟ್ಟಿ ಹಾಕ್,” ಎಂದಳು. ಗಟ್ಟಿ ಎಂದರೆ ಎಷ್ಟು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿರಿಂಜಿ ತುಂಬ ಎಳೆದೆ.

ಅಜ್ಜಿ ಕುಂಭಾಶಿಯ ಗಣಪತಿಗೆ ಹರಕೆ ಹೇಳಿಕೊಂಡಿದ್ದಾರೆ. ಹುಳ ಬಿದ್ದರೆ ಪಂಚಕಜ್ಜಾಯ.

ಮಾರ್ಚ್ ೨೨, ಭಾನುವಾರ

ಬ್ರಹ್ಮಾವರದಿಂದ ಈಗ ಬಂದೆವು. ಮದುವೆ ನಿಶ್ಚಯವಾದ ಹುಡುಗಿಯನ್ನು ನೆಂಟರು ಒಬ್ಬೊಬ್ಬರಾಗಿ ಮನೆಗೆ ಕರೆದು ಊಟ ಹಾಕುವುದು ಇಲ್ಲಿಯ ಪದ್ಧತಿ. ಬೈಂದೂರಿನ ಅತ್ತೆಯ ಮನೆಯದನ್ನು ಶ್ರಾವ್ಯಕ್ಕ ತಲೆನೋವೆಂದು ತಪ್ಪಿಸಿದ್ದಳು. ಇದು ಗಂಡಿನ ಮನೆ. ತಪ್ಪಿಸುವ ಹಾಗಿರಲಿಲ್ಲ.

ನಾನು ಜೊತೆಗೆ ಹೋಗಿದ್ದೆ. ಆದರೆ ಅಲ್ಲಿ ಮಾಳಿಗೆ ಇಲ್ಲ, ನನ್ನ ಕೈಯಲ್ಲಿ ತಟ್ಟೆ ಇಲ್ಲ. ನಡುಮನೆಯಲ್ಲಿ ಬಾಳೆಲೆ, ಎದುರಿಗೆ ರೋಹನನ ತಾಯಿ.

“ಉಣ್ಣ್ ಮಗಾ. ನಿನ್ನ ಕಂಡ್ರೆ ಗಾಳಿಗ್ ಹಾರಿ ಹೋಪಾಂಗ್ ಇದ್ದೆ. ನಿಮ್ಮನಿಯಗೆ ಉಂಬುಕೆ ಹಾಕ್ತಿಲ್ಲ್ಯಾ ಹ್ಯಾಂಗೆ?” ಎಂದು ಅವರು ನಕ್ಕಾಗ ಗಿರಿಜಮ್ಮನ ಮುಖ ಕೆಂಪಾಯಿತು. ಮಗಳನ್ನು ಒಂದೇ ನೋಟ ನೋಡಿದರು. ಶ್ರಾವ್ಯಕ್ಕ ಉಂಡಳು. ಅನ್ನ, ಕೋಳಿ, ಮತ್ತೆ ಅನ್ನ, ಸಿಹಿಗೆ ಹಾಲುಬಾಯಿ ಎರಡು. ಒಂದೊಂದು ತುತ್ತಿಗೂ ನೀರು ಕುಡಿದು ನುಂಗಿದಳು. ಹಣೆಯಲ್ಲಿ ಬೆವರು. ಎಲೆ ಖಾಲಿಯಾದಾಗ ಎಲ್ಲರೂ ಸಂತೋಷಪಟ್ಟರು.

ಕಾರಿನಲ್ಲಿ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕಲ್ಲಿನಂತೆ ಇತ್ತು.

ನನಗೆ ಹಿಂದಿನ ಜಗಲಿಯಲ್ಲಿ ಬಡಿಸಿದ್ದರು. ಕೋಳಿ ತುಂಡು ಒಂದೇ ಒಂದು.

ಮಾರ್ಚ್ ೨೩

ಬೆಳಿಗ್ಗೆ ಶ್ರಾವ್ಯಕ್ಕ ತೇಗಿದರೆ ನಿನ್ನೆಯ ಕೋಳಿಯ ವಾಸನೆ. ಅದೂ ಕೊಳೆತದ್ದು. “ನಿನ್ನೆ ಉಂಡದ್ದ್ ಕೆಳಗ್ ಇಳ್ದಿಲ್ಲೆ ಜಲಜಾ, ಹಾಂಗೇ ಇತ್ತ್,” ಎಂದಳು. ಹೊಟ್ಟೆಗೆ ನಿಧಾನ ಎಂದು ಹೇಳುವ ವಸ್ತು ಅಲ್ಲವೇ ಅದು. ಒಂದು ಸಿರಿಂಜಿ ತುಂಬ ನಿಧಾನ ಎಂದು ಹೇಳಿದ್ದೇವೆ.

ಬ್ರಹ್ಮಾವರದಲ್ಲಿ ಅಷ್ಟು ಉಂಡದ್ದನ್ನು ಕೇಳಿ ಅಜ್ಜಿಗೆ ಹುಳ ಖಾತ್ರಿಯಾಯಿತು. “ಕಂಡ್ಯಾ, ನೆಂಟರ ಮನಿಯಗೂ ಬಿಡ್ಲಿಲ್ಲೆ!” ಎಂದು ಮತ್ತೆ ಹರಳೆಣ್ಣೆ ತಂದರು. ಈ ಸಲ ದೊಡ್ಡ ಲೋಟ.

ನಾನು ಬಾಗಿಲಲ್ಲೇ ನಿಂತಿದ್ದೆ. ‘ಅಜ್ಜೀ ಬೇಡ’ ಎಂಬ ಮಾತು ಬಾಯಿಯವರೆಗೆ ಬಂತು. ಹೇಳಿದರೆ ಮೀನಿನ ತಲೆ ಚೀಪಿದ್ದು ಯಾರು ಎಂದು ಹೇಳಬೇಕಿತ್ತು. ಎರಡು ತಿಂಗಳು ಯಾರು ಉಂಡದ್ದು ಎಂದು.

ಕುಡಿದದ್ದರಲ್ಲಿ ಅರ್ಧ ಕಕ್ಕಿದಳು. ಅನ್ನ ಬರಲಿಲ್ಲ. ಎಣ್ಣೆ ಮಾತ್ರ ಬಂತು.

ಮಾರ್ಚ್ ೨೪, ಆಸ್ಪತ್ರೆಯ ಮೆಟ್ಟಿಲ ಮೇಲೆ

ಬೆಳಿಗ್ಗೆ ಐದಕ್ಕೆ ಬಲ ಪಕ್ಕೆ ಹಿಡಿದುಕೊಂಡು ಕಿರುಚಿದಳು. ಬೆನ್ನಿಗೆ ಹೊಡೆಯುವ ನೋವಂತೆ. ಮೈ ಸುಡುತ್ತಿತ್ತು. ಕಾರಿನಲ್ಲಿ ಇಲ್ಲಿಗೆ ತಂದೆವು. ನನ್ನ ಬಟ್ಟೆಯ ಗಂಟಿನಲ್ಲಿ ಈ ಪುಸ್ತಕವೂ ಬಂತು. ಸ್ಕ್ಯಾನ್ ಆಯಿತು. ಪಿತ್ತಕೋಶದಲ್ಲಿ ಕಲ್ಲು, ಊದಿ ಕೀವು ತುಂಬಿದೆ. ಇವತ್ತೇ ತೆಗೆಯಬೇಕು.

ಡಾಕ್ಟರು ವಯಸ್ಸಿನವರು, ಮೆಲ್ಲಗೆ ಮಾತಾಡುತ್ತಾರೆ. “ಬೇಗ ಬೇಗ ಸಪೂರ ಆದ್ರೆ ಹೀಗೆ ಕಲ್ಲಾಗ್ತದೆ. ಊಟ ಬಿಟ್ಟಿದ್ಲಾ? ಯಾವ್ದಾದ್ರೂ ಮಾತ್ರೆ, ಇಂಜೆಕ್ಷನ್ ತಕೊಳ್ತಿದ್ಲಾ?” ಎಂದು ಕೇಳಿದರು.

“ಇಲ್ಲೆ ಡಾಕ್ಟ್ರೇ. ಊಟ ಲಾಯ್ಕ್ ಮಾಡ್ತಿತ್ತ್. ದಿನಾ ಬಟ್ಲ್ ಖಾಲಿ. ಬೇಕಾರೆ ನಮ್ಮ ಜಲಜನ ಕೇಣಿ,” ಎಂದರು ಗಿರಿಜಮ್ಮ.

ಡಾಕ್ಟರು ನನ್ನ ಕಡೆ ನೋಡಿದರು. ರೋಹನನ ತಾಯಿಯೂ ಬಂದು ನಿಂತಿದ್ದರು, ಅವರೂ ನೋಡಿದರು. ಮಂಚದ ಮೇಲಿದ್ದ ಶ್ರಾವ್ಯಕ್ಕ ಕಣ್ಣು ತೆರೆದು ನೋಡಿದಳು. ಬೇಡ ಎಂದು ತಲೆ ಆಡಿಸಿದಳು. ನಾನು ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ನೆಲ ನೋಡಿದೆ. ನಾಚಿಕೆಯ ಹುಡುಗಿ ಎಂದುಕೊಂಡು ಡಾಕ್ಟರು ಮುಂದೆ ಕೇಳಿದರು: “ಕಡೆಗೆ ಉಂಡದ್ದು ಯಾವಾಗ?”

“ಮೊನ್ನೆ ಮಧ್ಯಾಹ್ನ, ಇವರ ಮನಿಯಗೆ. ಮತ್ತೆ ಎಂತದೂ ಇಲ್ಲೆ,” ಎಂದು ಗಿರಿಜಮ್ಮ ರೋಹನನ ತಾಯಿಯ ಕಡೆ ಕೈ ತೋರಿಸಿದರು.

“ಹಾಗಾದ್ರೆ ಹೊಟ್ಟೆ ಖಾಲಿ ಉಂಟು. ಒಳ್ಳೇದೇ ಆಯ್ತು. ಮಧ್ಯಾಹ್ನ ಮತ್ತು ಬರಿಸಿ ಆಪರೇಷನ್ ಮಾಡುವ,” ಎಂದರು.

ಹೊಟ್ಟೆ ಖಾಲಿ ಇಲ್ಲ. ಅದು ನನಗೆ ಗೊತ್ತು. ನಿನ್ನೆ ಆ ವಾಸನೆ ಮೂಸಿದವಳು ನಾನು.

ಹೇಳಬೇಕು. ಅದಕ್ಕೆ ಧೈರ್ಯ ಬೇಕು. ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡಿದಿಲ್ಲ. ಕೆಳಗೆ ಕ್ಯಾಂಟೀನ್ ಇದೆ. ಒಂದು ಲೋಟ ಚಾ ಕುಡಿದು ಬಂದು ಹೇಳಿಬಿಡುತ್ತೇನೆ.

ಅದೇ ದಿನ, ಸಂಜೆ

ಚಾ ಕುಡಿದೆ. ಬನ್ಸ್ ಬಿಸಿ ಇತ್ತು. ಎರಡು ತಿಂದೆ. ಗೋಳಿಬಜೆ ಆಗಷ್ಟೇ ಎಣ್ಣೆಯಿಂದ ತೆಗೆಯುತ್ತಿದ್ದರು, ಒಂದು ಪ್ಲೇಟು ತೆಗೆದುಕೊಂಡೆ. ಆಮೇಲೆ ಇನ್ನೊಂದು. ಎಷ್ಟು ಹೊತ್ತಾಯಿತೋ ಗೊತ್ತಾಗಲಿಲ್ಲ. ಅರ್ಧ ಗಂಟೆ ಇರಬಹುದು. ಹೆಚ್ಚಿಲ್ಲ.

ಮೇಲೆ ಬಂದರೆ ಮಂಚ ಖಾಲಿ.

ಮಧ್ಯಾಹ್ನಕ್ಕೆ ಎಂದವರು ಜ್ವರ ಏರಿದ್ದಕ್ಕೆ ಬೇಗನೆ ಒಯ್ದಿದ್ದರು. ಆಪರೇಷನ್ ಕೋಣೆಯ ಬಾಗಿಲಿಗೆ ಓಡಿದೆ. ಅಲ್ಲಿದ್ದ ಸಿಸ್ಟರ್ ಕೈ ಹಿಡಿದೆ. ಹೇಗೆ ಹೇಳಿದೆನೋ, ಹೇಳಿದೆ. ಸೂಜಿ, ಬಾಟಲಿ, ಗೆರೆ, ಮೊನ್ನೆಯ ಊಟ ಒಳಗೇ ಇರುವುದು. ನನ್ನ ಜೀವಮಾನದಲ್ಲೇ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ.

“ಎಷ್ಟು ಹೊತ್ತಿಂದ ಗೊತ್ತುಂಟು ನಿಂಗೆ ಇದು?” ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಒಳಗೆ ಓಡಿದಳು.

ಅಷ್ಟರಲ್ಲಿ ಆಗಿಹೋಗಿತ್ತು. ಮತ್ತು ಬರಿಸುತ್ತಿದ್ದಂತೆ ಹೊಟ್ಟೆಯಲ್ಲಿದ್ದದ್ದು ಮೇಲೆ ನುಗ್ಗಿ ಶ್ವಾಸಕೋಶಕ್ಕೆ ಇಳಿದಿತ್ತು. ಡಾಕ್ಟರು ಹೊರಗೆ ಬಂದು ಗಿರಿಜಮ್ಮನಿಗೆ ಹೇಳುವಾಗ ನಾನು ಕಂಬದ ಹಿಂದೆ ಇದ್ದೆ. ಎರಡು ದಿನದ ಹಿಂದಿನ ಅನ್ನ, ಅಗುಳು ಅಗುಳಾಗಿಯೇ ಇತ್ತಂತೆ.

“ಅನ್ನ ಎಲ್ಲಿಂದ?” ಎಂದು ಗಿರಿಜಮ್ಮ ಮತ್ತೆ ಮತ್ತೆ ಕೇಳುತ್ತಿದ್ದರು. “ಅನ್ನ ಎಲ್ಲಿಂದ ಬಂತ್ ಡಾಕ್ಟ್ರೇ?”

ನಾನು ಕಂಬದ ಹಿಂದಿನಿಂದ ಬಂದು ಅವರಿಗೂ ಹೇಳಿದೆ. ದಿನಾ ಉಂಡದ್ದು ನಾನು ಎಂದೂ ಹೇಳಿದೆ. ಅವರು ಹೊಡೆಯಲಿಲ್ಲ. ನನ್ನನ್ನು ಮುಖದಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಈ ಎರಡು ತಿಂಗಳಲ್ಲಿ ಅವರು ನನ್ನನ್ನು ನೋಡಿದ್ದು ಅದೇ ಮೊದಲು.

ಮಾರ್ಚ್ ೩೦

ಶ್ರಾವ್ಯಕ್ಕನ ಬಾಯಿಗೆ ಹಾಕಿದ ಕೊಳವೆಯಲ್ಲಿ ಯಂತ್ರ ಉಸಿರು ತುಂಬುತ್ತದೆ. ಮೂಗಿನಲ್ಲಿ ಇನ್ನೊಂದು ಸಪೂರ ಕೊಳವೆ. ಅದರಲ್ಲಿ ಹಾಲಿನಂತಹದ್ದನ್ನು ಚಮಚದ ಲೆಕ್ಕದಲ್ಲಿ ಬಿಡುತ್ತಾರೆ. ಹೊಟ್ಟೆ ಅದನ್ನೂ ತೆಗೆದುಕೊಳ್ಳುತ್ತಿಲ್ಲವಂತೆ. ಸೂಜಿಯಲ್ಲಿ ಹೋದದ್ದು ಮೈಯಿಂದ ಪೂರ್ತಿ ಇಳಿಯಲು ಇನ್ನೂ ಮೂರು ನಾಲ್ಕು ವಾರ ಬೇಕು. ಮೂತ್ರವೂ ಕಡಿಮೆಯಾಗಿದೆ. ಉಳಿಯುತ್ತಾಳಾ ಎಂದರೆ ಡಾಕ್ಟರು ದಿನ ಲೆಕ್ಕ ಹಾಕುವ ಎನ್ನುತ್ತಾರೆ. ಚಂದಯ್ಯ ಶೆಟ್ರು ಬಂದು ಆಸ್ಪತ್ರೆಯಲ್ಲೇ ಇದ್ದಾರೆ. ಚಂದನಾಳ ಫೋನ್ ಹೋಗುತ್ತಿಲ್ಲ. ಮದುವೆಯ ಮಾತನ್ನು ಯಾರೂ ಎತ್ತುವುದಿಲ್ಲ.

ನನ್ನನ್ನು ಕೋಡಿಗೆ ಕಳಿಸುತ್ತಾರೆ ಎಂದು ಟ್ರಂಕ್ ಕಟ್ಟಿದ್ದೆ. ಗಿರಿಜಮ್ಮ ಬಟ್ಟೆ ಒಯ್ಯಲು ಬಂದವರು, ಗೋಡೆ ನೋಡಿಕೊಂಡು ಹೇಳಿದರು: “ಎಲ್ಲಿಗೂ ಹೋಪುಕಾಗ. ಅತ್ತೆಗೆ ಒಬ್ಬರ್ ಬೇಕ್. ಅವ್ರಿಗೆ ಹೊತ್ತ್ ಹೊತ್ತಿಗೆ ಹಾಕ್. ಅಷ್ಟಾದ್ರೂ ಮಾಡ್.”

ಏಪ್ರಿಲ್ ೩

ಮನೆಯಲ್ಲಿ ನಾನು ಮತ್ತು ಅಕ್ಕು ಅಜ್ಜಿ ಇಬ್ಬರೇ. ಅಜ್ಜಿ ಈಗ ಬಾಗಿಲಲ್ಲಿ ಕೂರುವುದಿಲ್ಲ. ಒಳಗೆ ಗೋಡೆಗೆ ಒರಗಿ ಕೂತಿರುತ್ತಾರೆ. ಹರಳೆಣ್ಣೆಯ ಬಾಟಲಿಯನ್ನು ಅವರೇ ಒಯ್ದು ಬಾವಿಯ ಆಚೆ ಒಡೆದು ಬಂದರು. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದರೆ ಚೆನ್ನಾಗಿತ್ತು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಸಳೆ ಸಾರು ಮಾಡಿ ಬಡಿಸಿದೆ. ಎದುರಿಗೆ ಕೂರು ಎಂದರು. ಕೂತೆ.

“ನಿಂಗ್ ಹಾಕ್ಕಂಡ್ಯಾ?”

“ನೀವ್ ಉಣ್ಣಿ ಅಜ್ಜಿ, ಮತ್ತೆ ನಾನ್ ಉಣ್ತೆ.”

ಅವರು ಅನ್ನಕ್ಕೆ ಸಾರು ಕಲಸಿದರು. ಕಲಸುತ್ತಲೇ ಇದ್ದರು. ತುತ್ತು ಬಾಯಿಯವರೆಗೆ ಹೋಗಿ ವಾಪಸು ತಟ್ಟೆಗೆ ಬಂತು.

“ಇಳಿತಿಲ್ಲೆ ಹೆಣೆ,” ಎಂದರು. “ಅದ್ರ ಗಂಟ್ಲಗೆ ಎಣ್ಣಿ ಹಾಕಿದ ಕೈ ಇದ್. ಮೂಗ್ ಹಿಡ್ದಿದ್ದೆ ನಾನ್.”

ಬಾಗಿಲಲ್ಲಿ ನಿಂತು ನೋಡಿದವಳು ನಾನು.

ಅವರು ತಟ್ಟೆಯನ್ನು ನನ್ನ ಕಡೆ ದೂಡಿದರು. “ನೀನೇ ಉಣ್ಣ್. ಗಿರಿಜ ಕೇಂಡ್ರೆ ನಾನ್ ಉಂಡೆ ಅಂದ್ ಹೇಳ್. ಅದ್ಕ್ ಈಗ ನನ್ನ ಚಿಂತಿ ಒಂದ್ ಬೇಡ.”

ಬೇಡ ಎನ್ನಬೇಕಿತ್ತು. ಇನ್ನೊಂದು ತುತ್ತು ಮಾಡಿ ಅವರ ಬಾಯಿಗೆ ಇಡಬೇಕಿತ್ತು. ಅಜ್ಜಿ ಈ ನಾಲ್ಕು ದಿನದಲ್ಲಿ ಏನು ತಿಂದಿದ್ದಾರೆ ಎಂದು ಯೋಚಿಸಿದೆ. ನಿನ್ನೆಯೂ ಅವರ ತಟ್ಟೆ ನನ್ನ ಕಡೆಗೇ ಬಂದಿತ್ತು. ಮೊನ್ನೆಯೂ ಬಂದಿತ್ತು.

ಹಸಿವಾಗಿತ್ತು. ಉಂಡೆ.

ಮೂರು ಗಂಟೆಗೆ ಆಸ್ಪತ್ರೆಯಿಂದ ಗಿರಿಜಮ್ಮನ ಫೋನ್ ಬಂತು. ಅಲ್ಲಿಯ ವಿಷಯ ಏನೂ ಹೇಳಲಿಲ್ಲ. ದನಿ ತೀರ ಸಣ್ಣಗಾಗಿತ್ತು.

“ಅತ್ತೆ ಉಂಡ್ರಾ?”

“ಉಂಡ್ರ್ ಅಮ್ಮ,” ಎಂದೆ. “ಪೂರ್ತಿ.”